ರಜೆ ಮುಗಿಸಿ ಮತ್ತೆ ಎತ್ತರಕ್ಕೆ

ಕೇಳುಗರಿಗೆ ನಮಸ್ಕಾರ.

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಹುಡುಗನಿಗೆ ಲಡಾಖಿಗೆ ಪೋಸ್ಟಿಂಗ್ ಆಯಿತೆಂದರೆ ಮನೆಯವರು ಹೆದರುವುದು ಶತ್ರುವಿನ ಗುಂಡಿಗೆ. ಅಲ್ಲಿನ ಸಿಯಾಚಿನ್ ಹಿಮನದಿಯ ಲೆಕ್ಕವೇ ಬೇರೆ, ಹೆದರಬೇಕಾದದ್ದು ಹಿಮಕ್ಕೆ, ಎತ್ತರಕ್ಕೆ. 1984ರ ಏಪ್ರಿಲ್ 13ರಿಂದ ನಮ್ಮ ಸೈನ್ಯ ಅಲ್ಲಿದೆ. 2003ರ ನವೆಂಬರಿನಿಂದ ಕದನವಿರಾಮವೂ ಇದೆ. ಸಾವು ಮಾತ್ರ ನಿಂತಿಲ್ಲ. 2012ರ ಏಪ್ರಿಲಿನಲ್ಲಿ ಗಯಾರಿಯ ಹಿಮಕುಸಿತದಲ್ಲಿ ಪಾಕಿಸ್ತಾನದ 140 ಮಂದಿ ಹೋದರು. 2016ರ ಫೆಬ್ರವರಿಯಲ್ಲಿ 19,000 ಅಡಿಗೂ ಎತ್ತರದ ಸೋನಂ ಠಾಣೆಯ ಮೇಲೆ ಹಿಮಗೋಡೆ ಕುಸಿದಾಗ ಅಲ್ಲಿದ್ದದ್ದು ಮದ್ರಾಸ್ ರೆಜಿಮೆಂಟಿನ ತುಕಡಿ, ಹೆಚ್ಚಿನವರು ನಮ್ಮ ದಕ್ಷಿಣದ ಹುಡುಗರೇ. ಆರು ದಿನ ಹಿಮದಡಿ ಉಸಿರು ಹಿಡಿದಿದ್ದ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಗುಂಡಿನ ಸದ್ದೇ ಇಲ್ಲದಾಗ ವರ್ಷವಿಡೀ ಜನರನ್ನು ಅಲ್ಲಿ ಯಾಕೆ ಇಡಬೇಕು? ಎರಡು ದೇಶಗಳ ನಡುವಿನ ಅಪನಂಬಿಕೆ ಒಂದು ಕಾರಣ. ಇನ್ನೊಂದು, ಮನುಷ್ಯನ ಶ್ವಾಸಕೋಶ. ಬಿಟ್ಟುಬಂದ ಠಾಣೆಯನ್ನು ಬೇಕೆಂದಾಗ ಓಡಿಹೋಗಿ ಹಿಡಿಯಲು ದೇಹ ಬಿಡುವುದಿಲ್ಲ. 18,000 ಅಡಿಯಲ್ಲಿ ಗಾಳಿಯ ಒತ್ತಡ ನಮ್ಮ ಕಡಲತೀರದ ಅರ್ಧ. ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. 1962ರ ಚೀನಾ ಯುದ್ಧದಲ್ಲಿ ಬಯಲಿನ ಸೈನಿಕರನ್ನು ತರಾತುರಿಯಲ್ಲಿ ಮೇಲೇರಿಸಿದಾಗ ಎಷ್ಟೋ ಮಂದಿ ಕಾದಾಡುವ ಮೊದಲೇ ಕಾಯಿಲೆಬಿದ್ದು ಮಲಗಿದರು. ಅಂಥ 1,925 ಸೈನಿಕರನ್ನು ಪರೀಕ್ಷಿಸಿ ನಮ್ಮ ಸೇನಾ ವೈದ್ಯರು 1969ರಲ್ಲಿ ಪ್ರಕಟಿಸಿದ ವರದಿಯನ್ನು ಜಗತ್ತಿನ ವೈದ್ಯರು ಇಂದಿಗೂ ಓದುತ್ತಾರೆ.

ದೇಹವನ್ನು ಎತ್ತರಕ್ಕೆ ಹೊಂದಿಸುವ ಈಗಿನ ಕ್ರಮ ಹೀಗಿದೆ. 9,000ದಿಂದ 12,000 ಅಡಿಯವರೆಗೆ ಆರು ದಿನ. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ, ಸಮತಟ್ಟಿನಲ್ಲಿ ನಾಲ್ಕು ಹೆಜ್ಜೆ ಮಾತ್ರ. ಮುಂದಿನೆರಡು ದಿನ ಒಂದೂವರೆಯಿಂದ ಮೂರು ಕಿಲೋಮೀಟರ್ ನಿಧಾನ ನಡಿಗೆ. ಕೊನೆಯೆರಡು ದಿನ ಐದು ಕಿಲೋಮೀಟರಿನವರೆಗೆ, ಜೊತೆಗೆ 300 ಮೀಟರಿನವರೆಗಿನ ಏರು. ಆಮೇಲೆ 15,000 ಅಡಿಯವರೆಗೆ ನಾಲ್ಕು ದಿನ, ಅದರಾಚೆಗೆ ಇನ್ನೂ ನಾಲ್ಕು. ಒಟ್ಟು ಹದಿನಾಲ್ಕು.

ಇನ್ನು ರಜೆಯ ವಿಷಯ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್. ನೇಮ, ಮದುವೆ, ಅಡಿಕೆ ಕೊಯ್ಲು ಎಲ್ಲವನ್ನೂ ಅದರೊಳಗೇ ಹೊಂದಿಸಬೇಕು. ಆದರೆ ಕಡಲಮಟ್ಟದ ಊರಿನಲ್ಲಿ ಹತ್ತು ದಿನ ಮೀರಿದರೆ ಗಳಿಸಿದ ಹೊಂದಾಣಿಕೆ ಕರಗತೊಡಗುತ್ತದೆ. ಮರಳಿದಾಗ ಪ್ರತಿ ಹಂತವನ್ನೂ ಮತ್ತೆ ದಾಟಬೇಕು. ನಾಲ್ಕು ವಾರ ಮೀರಿದರೆ ಹೊಸಬನಂತೆ ಪೂರ್ತಿ ಹದಿನಾಲ್ಕು ದಿನ, ಮೊದಲಿನಿಂದ.

ಎಡವಟ್ಟಾಗುವುದು ಇಲ್ಲೇ. ಎರಡು ವರ್ಷ ಅಲ್ಲೇ ಇದ್ದವನಿಗೆ "ನನಗೇನಾಗುತ್ತದೆ" ಎಂಬ ಧೈರ್ಯ. ಊರಿನ ನೆಗಡಿ, ಕೆಮ್ಮು ಹೊತ್ತುಕೊಂಡೇ ಹೊರಡುತ್ತಾನೆ. ದಿಲ್ಲಿಯಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆಯಲ್ಲಿ 11,500 ಅಡಿಯ ಲೇಹ್. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಒಳಗಿನ ಒತ್ತಡ ಏರುತ್ತದೆ, ನೀರು ಗಾಳಿಚೀಲಕ್ಕೆ ಸೋರುತ್ತದೆ. ಸಾಮಾನ್ಯವಾಗಿ ಎರಡನೆಯ ರಾತ್ರಿಯಿಂದ ನಾಲ್ಕನೆಯ ರಾತ್ರಿಯೊಳಗೆ ಒಣಕೆಮ್ಮು, ಕೂತಲ್ಲೇ ಏದುಸಿರು, ಕೊನೆಗೆ ನಸುಗೆಂಪು ನೊರೆ. ಎತ್ತರದಿಂದ ಶ್ವಾಸಕೋಶದಲ್ಲಿ ಹೀಗೆ ನೀರು ತುಂಬುವುದಕ್ಕೆ ಸೈನ್ಯದಲ್ಲಿ ಹೇಪ್ ಎನ್ನುತ್ತಾರೆ. ಆಮ್ಲಜನಕ ಕೊಡಬೇಕು, ಕೂಡಲೇ ಕನಿಷ್ಠ ಸಾವಿರ ಮೀಟರ್ ಕೆಳಗಿಳಿಸಬೇಕು. ಹವೆ ಕೆಟ್ಟು ಹೆಲಿಕಾಪ್ಟರ್ ಬರದಿದ್ದರೆ ಗಾಳಿ ತುಂಬುವ ಒತ್ತಡದ ಚೀಲದೊಳಗೆ ಮಲಗಿಸಿ ಕಾಯುವುದೇ ಗತಿ. ನೇರಗೆರೆಯಲ್ಲಿ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಲಾರದವನ ಮಿದುಳು ಊದುತ್ತಿದೆ ಎಂದೇ ತಿಳಿಯಬೇಕು.

ಆದ್ದರಿಂದ ಮನೆಯವರಿಗೆ ಒಂದು ಮಾತು. ಜ್ವರ, ಕೆಮ್ಮು ಇದ್ದರೆ ಮುಚ್ಚಿಟ್ಟು ಕಳುಹಿಸಬೇಡಿ. ವೈದ್ಯರ ಚೀಟಿ ಮಾಡಿಸಿ, ಯೂನಿಟ್ಟಿಗೆ ಮೊದಲೇ ತಿಳಿಸಲು ಹೇಳಿ. ಬೀಳ್ಕೊಡುವ ರಾತ್ರಿಯ ಪಾರ್ಟಿಯನ್ನು ಗೆಳೆಯರು ಕೈಬಿಟ್ಟರೆ ಒಳ್ಳೆಯದು, ಬಿಡುವುದಿಲ್ಲ ಅನ್ನುವುದೂ ಗೊತ್ತು!

ಬದುಕಿ ಬಂದವರಿಗೂ ಖರ್ಚು ಬಿದ್ದೇ ಇರುತ್ತದೆ. ಹಸಿವು ಸತ್ತು ತೂಕ ಇಳಿಯುತ್ತದೆ. ಸೀಮೆಎಣ್ಣೆ ಒಲೆಯ ಮಸಿಯಿಂದ ಕಫ ಕಪ್ಪಗೆ ಬರುತ್ತದೆ. ರಕ್ತ ದಪ್ಪವಾಗುತ್ತದೆ. ಹಿಮ ಕರಗಿಸಿಯೇ ನೀರು ಮಾಡಿಕೊಳ್ಳಬೇಕಾದ್ದರಿಂದ ಕುಡಿಯುವುದೂ ಕಡಿಮೆ, ಹಾಗಾಗಿ ಇಪ್ಪತ್ತೈದರ ಹುಡುಗನ ಕಾಲಿನಲ್ಲೂ ಹೆಪ್ಪು ಕಟ್ಟಬಹುದು. ರಜೆಯಲ್ಲಿ ಬಂದವನ ಒಂದೇ ಕಾಲು ಊದಿ ನೋಯುತ್ತಿದ್ದರೆ ತೈಲ ಹಚ್ಚಿ ತಿಕ್ಕಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ದು, ಎತ್ತರದಿಂದ ಬಂದವನೆಂದು ವೈದ್ಯರಿಗೆ ಹೇಳಿ.

2022ರಿಂದ ಸೇರುತ್ತಿರುವ ಅಗ್ನಿವೀರರಿಗೆ ವಾರ್ಷಿಕ ರಜೆ 30 ದಿನ, ಸೇವೆ ನಾಲ್ಕು ವರ್ಷ. ಕಾಯಂ ಆಗುವುದು ಹೆಚ್ಚೆಂದರೆ ಕಾಲುಭಾಗ. ಉಳಿದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲ. ಹಿಮ ಕಚ್ಚಿದ ಬೆರಳು ಮಾತ್ರ ನಾಲ್ಕು ವರ್ಷದ ಲೆಕ್ಕ ನೋಡುವುದಿಲ್ಲ. ಯಾರೇ ಆಗಲಿ, ಅಲ್ಲಿ ಆಸ್ಪತ್ರೆ ಸೇರಿದ ದಿನಾಂಕ, ಠಾಣೆಯ ಎತ್ತರ, ಡಿಸ್ಚಾರ್ಜ್ ಕಾಗದದ ಪ್ರತಿ ಮನೆಯಲ್ಲಿರಲಿ. ಕಾಯಿಲೆ ಸೇವೆಯಿಂದಲೇ ಬಂದದ್ದೋ, ಸೇವೆಯಿಂದ ಉಲ್ಬಣಿಸಿದ್ದೋ ಎಂದು ವೈದ್ಯಕೀಯ ಮಂಡಳಿ ತೀರ್ಮಾನಿಸುವಾಗ ಕೈಯಲ್ಲಿರಬೇಕಾದದ್ದು ಆ ಕಾಗದ. ಪರಿಹಾರದ ಅರ್ಜಿ ಬರೆಯಲು ಕಾಸರಗೋಡಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು.