ಚಾಕು ಕಟ್ಟಿಗೆಗೆ ತಾಗಬಾರದು

ಕೇಳುಗರಿಗೆ ನಮಸ್ಕಾರ. ಸುಳ್ಯ, ಪುತ್ತೂರು, ಕಡಬ, ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರಿಗೆ ಇವತ್ತು ಹೇಳುವುದು ಒಂದೇ ಮಾತು: ರಬ್ಬರ್ ಹಾಲಿಗಾಗಿ ತೊಗಟೆ ಕೊಯ್ಯುವ ಟ್ಯಾಪಿಂಗ್ ಚಾಕು ಒಳಗಿನ ಕಟ್ಟಿಗೆಗೆ ತಾಗಬಾರದು.

ಹೀವಿಯಾ ಕುಲದ ಈ ಮರ ಹರಳು, ಮರಗೆಣಸಿನ ಕುಟುಂಬದ್ದೇ. ಇದರ ತೊಗಟೆಯಲ್ಲಿ ಹೊರಗೆ ಬೆಂಡು, ನಡುವೆ ಗಟ್ಟಿ ಪದರ, ಒಳಗೆ ಮೆತ್ತನೆಯ ಪದರ. ಹಾಲಿನ ನಾಳಗಳು ಹೆಚ್ಚಿರುವುದು ಆ ಮೆತ್ತನೆಯ ಪದರದಲ್ಲಿ. ಅದಕ್ಕೆ ಅಂಟಿಕೊಂಡೇ ಕ್ಯಾಂಬಿಯಂ ಎಂಬ ತೆಳು ಪದರ. ಹೊಸ ತೊಗಟೆ ಹುಟ್ಟುವುದು ಅಲ್ಲಿಂದ. ಆಳಕ್ಕಿಳಿದಷ್ಟೂ ಹಾಲು ಜಾಸ್ತಿ, ಕೂದಲೆಳೆ ಮೀರಿದರೆ ಗಾಯ. ಇದೇ ಪೇಚು.

ಇದನ್ನು ಬಿಡಿಸಿದ್ದು ಹೆನ್ರಿ ರಿಡ್ಲಿ ಎಂಬ ಸಸ್ಯತಜ್ಞ. 1876ರಲ್ಲಿ ವಿಕ್‌ಹ್ಯಾಮ್ ಎಂಬಾತ ಅಮೆಜಾನ್‌ನಿಂದ ಲಂಡನ್ನಿನ ಕ್ಯೂ ತೋಟಕ್ಕೆ ಸುಮಾರು 70,000 ಬೀಜ ಸಾಗಿಸಿದ. ಮೊಳೆತದ್ದು 2,700ರಷ್ಟು. ಅಲ್ಲಿಂದ ಗಿಡಗಳು ಸಿಲೋನಿಗೆ, ಸಿಂಗಪುರಕ್ಕೆ ಬಂದವು. 1888ರಲ್ಲಿ ರಿಡ್ಲಿ ಸಿಂಗಪುರದ ಸಸ್ಯತೋಟಕ್ಕೆ ಬಂದಾಗ ರಬ್ಬರನ್ನು ಕೇಳುವವರಿರಲಿಲ್ಲ. ಅಲ್ಲಿನ ಬೆಳೆಗಾರರಿಗೆ ಕಾಫಿಯ ಗುಂಗು. ಈತ ಸಿಕ್ಕಸಿಕ್ಕವರ ಜೇಬಿಗೆ ಬೀಜ ತುರುಕುತ್ತಿದ್ದನಂತೆ. ಜನ ಹುಚ್ಚು ರಿಡ್ಲಿ ಎಂದೇ ಕರೆದರು. ಅಮೆಜಾನ್‌ನಲ್ಲಿ ಸಣ್ಣ ಕೊಡಲಿಯಿಂದ ಮರಕ್ಕೆ ಕಚ್ಚು ಹಾಕುತ್ತಿದ್ದರು. ಏಟು ಕಟ್ಟಿಗೆಗೆ ಬಿದ್ದು ಕಾಂಡವೆಲ್ಲ ಗಂಟು. ರಿಡ್ಲಿ ಹೊಸ ಕಚ್ಚು ಹಾಕುವುದನ್ನೇ ಬಿಟ್ಟ. ಹಳೆಯ ಕೊಯ್ತದ ಅಂಚಿನಿಂದ ತೆಳ್ಳಗೆ ತೊಗಟೆ ಕೆತ್ತಿದ. ಹಾಲೂ ಬಂತು, ಕೆತ್ತಿದ ಜಾಗದಲ್ಲಿ ತೊಗಟೆಯೂ ಮತ್ತೆ ಬೆಳೆಯಿತು. ಇವತ್ತಿಗೂ ನಾವು ಮಾಡುವುದು ಅದನ್ನೇ. ಆದರೆ ಎಷ್ಟೋ ತೋಟಗಳಲ್ಲಿ ಈಗಲೂ ಆ ಕೊಡಲಿಯ ಗಂಟುಗಳೇ ಕಾಣುತ್ತವೆ, ಏನು ಹೇಳುವುದು!

ಸಮಯ ಕಡಿಮೆ ಇದೆ, ಬರೆದುಕೊಳ್ಳಿ. ಕಸಿಗಂಟಿನಿಂದ 125 ಸೆಂ.ಮೀ. ಎತ್ತರದಲ್ಲಿ ಕಾಂಡದ ಸುತ್ತಳತೆ 50 ಸೆಂ.ಮೀ. ಆಗಬೇಕು, ತೋಟದ ನೂರಕ್ಕೆ ಎಪ್ಪತ್ತು ಮರ ಹಾಗಾದ ಮೇಲೆ ಟ್ಯಾಪಿಂಗ್ ಶುರು. ಕೊಯ್ತ ಕಾಂಡದ ಅರ್ಧ ಸುತ್ತು, ಎಡದಿಂದ ಬಲಕ್ಕೆ ಇಳಿಜಾರು, ಕಸಿಮರಕ್ಕೆ 30 ಡಿಗ್ರಿ. ನಾಳಗಳು ಓರೆಯಾಗಿ ಹೋಗುವುದರಿಂದ ಈ ದಿಕ್ಕಿನಲ್ಲೇ ಹೆಚ್ಚು ನಾಳ ತುಂಡಾಗುತ್ತವೆ. ಪ್ರತಿಸಲ ಒಂದೂವರೆ ಮಿ.ಮೀ. ತೊಗಟೆ ಸಾಕು. ಒಳಗೆ ಒಂದು ಮಿ.ಮೀ.ನಷ್ಟು ಉಳಿಯಲೇಬೇಕು. ಮೊಂಡು ಚಾಕುವಿಗೆ ಈ ಲೆಕ್ಕ ತಿಳಿಯುವುದಿಲ್ಲ, ದಿನಾ ಮಸೆಯಿರಿ. ಬೆಳಗಿನ ಜಾವವೇ ಮುಗಿಸಿ, ಬಿಸಿಲೇರಿದರೆ ನಾಳದ ಒತ್ತಡ ಇಳಿದು ಹಾಲು ಕಡಿಮೆಯಾಗುತ್ತದೆ. ಆರ್‌ಆರ್‌ಐಐ 105 ತಳಿಯಾದರೆ ಮೂರು ದಿನಕ್ಕೊಮ್ಮೆ ಮಾತ್ರ; ದಿನಾ ಕೊಯ್ದರೆ ಕೊಯ್ತದ ತೊಗಟೆಯೇ ಒಣಗಿ ಹಾಲು ನಿಂತುಹೋಗುತ್ತದೆ. ಮಳೆಗಾಲಕ್ಕೆ, ಕೊಯ್ತಕ್ಕೆ ನೀರು ತಾಗದ ಹಾಗೆ ರೈನ್ ಗಾರ್ಡ್ ಕಟ್ಟಿ.

ಹಾಲು ಹೆಪ್ಪುಗಟ್ಟಿಸಿ ಮಾಡುವ ರಬ್ಬರ್ ಶೀಟಿನ ವಿಷಯ ಉಳಿಯಿತು. ಹಾಲನ್ನು ಮೊದಲು 40, ಆಮೇಲೆ ಇನ್ನೂ ಸಣ್ಣ ಕಣ್ಣಿನ 60 ಮೆಶ್ ಜರಡಿಯಲ್ಲಿ ಸೋಸಿ. ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡನ್ನು ನೀರಿಗೆ ಬೆರೆಸಿಯೇ ಹಾಕಿ.