ಪರದೆಯಿಲ್ಲದ ಸರ್ವರಿನಲ್ಲಿ ಗ್ರಾಫ್ ಬಿಡಿಸುವುದು

ಎಲ್ಲರಿಗೂ ನಮಸ್ಕಾರ. ಭಾನುವಾರದ ಬೆಳಿಗ್ಗೆ ತಿಂಡಿ ಮುಗಿಸಿ ಬಸವನಗುಡಿಯವರೆಗೆ ಬಂದಿದ್ದೀರಿ. ಉದ್ದದ ಪೀಠಿಕೆ ಹಾಕುವುದಿಲ್ಲ.

ಬೆಂಗಳೂರಿನ ತಿಂಗಳವಾರು ಮಳೆಯನ್ನು ಸ್ತಂಭ ನಕ್ಷೆಯಾಗಿ ಬಿಡಿಸುವ ಆರ್ ಭಾಷೆಯ ಸ್ಕ್ರಿಪ್ಟ್ ಒಂದಿದೆ ಎಂದುಕೊಳ್ಳಿ. ಹಳೆಯ ಸರ್ವರ್. ಹಗಲಿನಲ್ಲಿ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಎಂಬ ದೂರಸಂಪರ್ಕದ ಮೂಲಕ ಒಳಹೊಕ್ಕು ಓಡಿಸಿದರೆ ಚಿತ್ರ ಸಲೀಸಾಗಿ ಬರುತ್ತದೆ. ಅದನ್ನೇ ರಾತ್ರಿ ಓಡಿಸಲು, ಹೇಳಿದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ಗೆ ಒಪ್ಪಿಸಿ ಮಲಗಿದರೆ, ಬೆಳಿಗ್ಗೆ ಚಿತ್ರವೇ ಇಲ್ಲ. ಲಾಗ್ ಫೈಲಿನಲ್ಲಿ, ಪರದೆಯ ಮೇಲೆ ಚಿತ್ರ ಬಿಡಿಸುವ ಎಕ್ಸ್11 ವ್ಯವಸ್ಥೆಯ ಡಿಸ್‌ಪ್ಲೇ ಸಿಗಲಿಲ್ಲವೆಂಬ ದೂರು. ಸ್ಕ್ರಿಪ್ಟಿನಲ್ಲಿ ಒಂದಕ್ಷರವೂ ಬದಲಾಗಿಲ್ಲವಲ್ಲ! ನಡೆದದ್ದಿಷ್ಟು: ಎಕ್ಸ್ ಫಾರ್ವರ್ಡಿಂಗ್ ಇದ್ದುದರಿಂದ ಹಗಲಿನಲ್ಲಿ ಸರ್ವರ್ ನಿಮ್ಮ ಲ್ಯಾಪ್‌ಟಾಪಿನ ಪರದೆಯನ್ನು ಎರವಲು ಪಡೆದಿತ್ತು, ಅದರ ವಿಳಾಸ ಡಿಸ್‌ಪ್ಲೇ ಎಂಬ ವೇರಿಯಬಲ್‌ನಲ್ಲಿತ್ತು. ಕ್ರಾನ್ ಓಡುವಾಗ ಆ ವೇರಿಯಬಲ್ ಖಾಲಿ.

ಫೈಲಿಗೆ ಹೋಗುವ ಚಿತ್ರಕ್ಕೆ ಪರದೆ ಏಕೆ? ನ್ಯಾಯವಾದ ಪ್ರಶ್ನೆ. ಎಕ್ಸ್ ವ್ಯವಸ್ಥೆ 1984ರಲ್ಲಿ ಎಂಐಟಿಯಲ್ಲಿ ಹುಟ್ಟಿತು. ಎಕ್ಸ್11 ಎಂಬುದು ಅದರ ಹನ್ನೊಂದನೆಯ ಆವೃತ್ತಿ, 1987ರದು. ಯೂನಿಕ್ಸ್‌ನಲ್ಲಿ ಆರ್‌ನ ಪಿಎನ್‌ಜಿ ಆಜ್ಞೆ ಮೊದಲೆಲ್ಲ ಗೆರೆ, ಬಣ್ಣ, ಅಕ್ಷರಗಳನ್ನು ಎಕ್ಸ್ ಸರ್ವರಿನ ಕೈಯಲ್ಲೇ ಬರೆಸಿ, ಆ ಪಿಕ್ಸೆಲ್‌ಗಳನ್ನು ಫೈಲಿಗೆ ಇಳಿಸಿಕೊಳ್ಳುತ್ತಿತ್ತು. ಪಕ್ಕದ ಮನೆಯ ಒರಳಿನಲ್ಲಿ ಹಿಟ್ಟು ರುಬ್ಬಿಕೊಂಡು ಬಂದಂತೆ. ಆ ಮನೆಗೆ ಬೀಗ ಬಿದ್ದ ದಿನ ದೋಸೆಯಿಲ್ಲ. ಪಿಡಿಎಫ್ ಆಜ್ಞೆಗೆ ಮಾತ್ರ ಈ ಹಂಗು ಎಂದೂ ಇರಲಿಲ್ಲ.

ಎಕ್ಸ್‌ವಿಎಫ್‌ಬಿ ಎಂಬ ಸುಳ್ಳು ಪರದೆಯನ್ನು ಮೆಮೊರಿಯಲ್ಲಿ ನಿಲ್ಲಿಸಿ ಕೆಲಸ ಸಾಗಿಸುವವರಿದ್ದಾರೆ. ನನಗದು ಒಗ್ಗುವುದಿಲ್ಲ. ಒಂದು ಗ್ರಾಫಿಗಾಗಿ ಇನ್ನೊಂದು ಸರ್ವರನ್ನು ಯಾರು ಸಾಕುತ್ತಾರೆ? ಪಿಎನ್‌ಜಿ ಆಜ್ಞೆಯ ‘ಟೈಪ್’ ಜಾಗದಲ್ಲಿ ‘ಕೈರೋ’ ಎಂದು ಕೊಡಿ. ಕೈರೋ ಲೈಬ್ರರಿ ಯಾರ ಪರದೆಯನ್ನೂ ಕೇಳದೆ ಮೆಮೊರಿಯಲ್ಲೇ ಚಿತ್ರ ಕಟ್ಟುತ್ತದೆ. ನಿಮ್ಮ ಆರ್‌ನಲ್ಲಿ ಅದು ಇದೆಯೇ ಎಂಬುದನ್ನು ‘ಕೆಪಬಿಲಿಟೀಸ್’ ಆಜ್ಞೆ ಹೇಳುತ್ತದೆ. ಕೊನೆಯಲ್ಲಿ ‘ಡೆವ್ ಡಾಟ್ ಆಫ್’ ಮರೆಯಬೇಡಿ; ಡಿವೈಸ್ ಮುಚ್ಚುವವರೆಗೆ ಫೈಲ್ ಪೂರ್ತಿಯಾಗಿದೆ ಎಂದು ನಂಬುವಂತಿಲ್ಲ. ಪೈಥಾನ್ ಭಾಷೆಯ ಗ್ರಾಫ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇದೇ ಕೆಲಸಕ್ಕೆ ‘ಆಗ್’ ಇದೆ. 2018ರ 3.0 ಆವೃತ್ತಿಯಿಂದ, ಪರದೆ ಕಾಣದಿದ್ದರೆ ಅದು ತಾನಾಗಿಯೇ ಆಗ್‌ಗೆ ಹೊರಳುತ್ತದೆ.

ಇನ್ನು ನಮ್ಮದೇ ತಲೆನೋವು: ಕನ್ನಡ. ಬೆಂಗಳೂರಿಗೆ ಸರಾಸರಿಯಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಆ ಎತ್ತರದ ಕಂಬದ ಕೆಳಗೇ ಎಡವಟ್ಟು ಎದ್ದು ಕಾಣುತ್ತದೆ. ಸರ್ವರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಬರೀ ಚೌಕಗಳು. ಮ್ಯಾಟ್‌ಪ್ಲಾಟ್‌ಲಿಬ್‌ನೊಂದಿಗೆ ಬರುವ ಡೇಜಾವು ಫಾಂಟಿನಲ್ಲಿ ಕನ್ನಡವಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಹಾಕಿದಿರಿ ಎನ್ನಿ. ಆಗ್ ಬಹುಕಾಲ ಒತ್ತಕ್ಷರ ಜೋಡಿಸಲು ಅರಿತಿರಲಿಲ್ಲ. ‘ಸೆಪ್ಟೆಂಬರ್’ನಲ್ಲಿ ಪಕಾರದ ಕೆಳಗೆ ಇಳಿಯಬೇಕಾದ ಟಕಾರ ಪಕ್ಕದಲ್ಲೇ ನಿಲ್ಲುತ್ತಿತ್ತು, ಪಕಾರದ ತಲೆಯ ಮೇಲಿನ ಎತ್ವ ಟಕಾರದ ಪಾಲಾಗುತ್ತಿತ್ತು. ‘ಅಕ್ಟೋಬರ್’ಗೂ ಅದೇ ಗತಿ. ಲಿನಕ್ಸ್‌ನಲ್ಲಿ ಆರ್‌ನ ಕೈರೋ ದಾರಿಯ ಜೊತೆ ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಇದ್ದರೆ ಒತ್ತುಗಳು ಸರಿಯಾಗಿ ಕೂರುತ್ತವೆ. ಕನ್ನಡದ ಗ್ರಾಫಿಗೆ ನಾನು ಆರ್ ಹಿಡಿಯುವುದು ಇದಕ್ಕಾಗಿಯೇ.

ಇಂಥ ತಪ್ಪು ಲಾಗ್‌ನಲ್ಲಿ ದೋಷವಾಗಿ ದಾಖಲಾಗುವುದಿಲ್ಲ. ಚೌಕ ತುಂಬಿದ ಚಿತ್ರವೂ ಸರಿಯಾದ ಪಿಎನ್‌ಜಿ ಫೈಲೇ. ಹಾಗಾಗಿ ಮೊದಲ ಚಿತ್ರವನ್ನು ನಿಮ್ಮ ಮೊಬೈಲಿಗೆ ಇಳಿಸಿಕೊಂಡು ತಿಂಗಳ ಹೆಸರುಗಳನ್ನು ಒಮ್ಮೆ ಓದಿ ನೋಡಿ, ಆಮೇಲೆ ಕ್ರಾನ್‌ಗೆ ಒಪ್ಪಿಸಿ.