ಸಾಂಡರ್ಸ್ ಹೆಸರಿನ ಖಾತೆ

ಕೇಳುಗರಿಗೆ ನಮಸ್ಕಾರ.

ಫಿಲಿಪ್ಪೀನ್ಸ್‌ನ ಸರ್ವಾಧಿಕಾರಿ ಮಾರ್ಕೋಸ್ ಅಂದರೆ ಸಾಕು, ಅವರ ಹೆಂಡತಿ ಇಮೆಲ್ಡಾ ಅವರ ಚಪ್ಪಲಿಗಳ ರಾಶಿ ಎಲ್ಲರಿಗೂ ನೆನಪಾಗುತ್ತದೆ. ನನಗೆ ನೆನಪಾಗುವುದು ಬ್ಯಾಂಕಿನ ಕಾಗದ. 1968ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮಾರ್ಕೋಸ್ 'ವಿಲಿಯಂ ಸಾಂಡರ್ಸ್' ಹೆಸರಿನಲ್ಲಿ ಖಾತೆ ತೆರೆದರು. ಇಮೆಲ್ಡಾ 'ಜೇನ್ ರಯಾನ್' ಆದರು. ಆದರೆ ಬ್ಯಾಂಕಿಗೆ ಮಾದರಿ ಸಹಿ ಬೇಕಲ್ವಾ? ಸುಳ್ಳು ಹೆಸರಿನ ಜೊತೆಗೇ ನಿಜವಾದ ಸಹಿಯನ್ನೂ ಹಾಕಿದ್ದರು.

1986ರ ಫೆಬ್ರವರಿಯಲ್ಲಿ ಜನ ಬೀದಿಗಿಳಿದರು. ಗಂಡ ಹೆಂಡತಿ ಹವಾಯಿಗೆ ಓಡಿದರು. ಅರಮನೆಯಲ್ಲಿ ಉಳಿದ ಕಡತಗಳಲ್ಲಿ ಈ ಖಾತೆಗಳ ಕಾಗದ ಸಿಕ್ಕಿತು. ಹೊಸ ಅಧ್ಯಕ್ಷೆ ಕೊರಜಾನ್ ಅಕಿನೊ ಅವರ ಮೊಟ್ಟಮೊದಲ ಆದೇಶವೇ ಈ ಹಣ ಹುಡುಕುವ ಆಯೋಗದ್ದು. ಮಾರ್ಚ್‌ನಲ್ಲೇ ಸ್ವಿಸ್ ಸರ್ಕಾರ ಖಾತೆಗಳಿಗೆ ತಡೆ ಹಾಕಿತು.

ಆಮೇಲೆ ಕೋರ್ಟು, ಮೇಲ್ಮನವಿ, ಮತ್ತೆ ಕೋರ್ಟು. ಹಣವನ್ನು ಮನಿಲಾಕ್ಕೆ ಕಳಿಸಿ ಅಂತ ಸ್ವಿಸ್ ಸರ್ವೋಚ್ಚ ನ್ಯಾಯಾಲಯ ಹೇಳುವ ಹೊತ್ತಿಗೆ 1997 ಮುಗಿಯುತ್ತಿತ್ತು. ಬಂದ ಹಣವನ್ನೂ ಮುಟ್ಟುವ ಹಾಗಿರಲಿಲ್ಲ. ಅದು ಯಾರದು ಅಂತ ಮನಿಲಾದ ಕೋರ್ಟು ತೀರ್ಮಾನಿಸಬೇಕಿತ್ತು.

ಇಂಥ ಮೊಕದ್ದಮೆಗಳು ಸೋಲುವುದೇ ಇಲ್ಲಿ. ಯಾವ ಲಂಚದಿಂದ ಯಾವ ಡಾಲರ್ ಬಂತು ಅಂತ ತೋರಿಸಿ ಅಂದರೆ ಬಡ ದೇಶ ಎಲ್ಲಿಂದ ತೋರಿಸೀತು? ನುಂಗಿ ನೀರು ಕುಡಿದವರು ರಸೀದಿ ಇಟ್ಟಿರುತ್ತಾರೆಯೇ? ಆದರೆ ಫಿಲಿಪ್ಪೀನ್ಸ್‌ನಲ್ಲಿ 1955ರಷ್ಟು ಹಳೆಯ ಕಾನೂನೊಂದಿತ್ತು. ಅಧಿಕಾರದಲ್ಲಿದ್ದವರ ಆಸ್ತಿ ಸಂಬಳಕ್ಕೆ ತಾಳೆಯಾಗದಷ್ಟು ಜಾಸ್ತಿಯಾದರೆ, ಅದು ಎಲ್ಲಿಂದ ಬಂತು ಅಂತ ಅವರೇ ಹೇಳಬೇಕು. ಸುಪ್ರೀಂ ಕೋರ್ಟು 2003ರಲ್ಲಿ ಅದನ್ನೇ ಹಿಡಿಯಿತು. ದಂಪತಿಯ ಅಷ್ಟೂ ವರ್ಷಗಳ ಸಂಬಳ ಕೂಡಿಸಿದರೆ ಸುಮಾರು 3 ಲಕ್ಷ 4 ಸಾವಿರ ಡಾಲರ್. ಖಾತೆಯಲ್ಲಿದ್ದದ್ದು, ಬಡ್ಡಿ ಸೇರಿ, 65 ಕೋಟಿಗೂ ಹೆಚ್ಚು. ಎಷ್ಟು ಸರಳ ಲೆಕ್ಕ ನೋಡಿ! ಮರುವರ್ಷ ಹಣ ಸರ್ಕಾರದ ಕೈಸೇರಿತು. ತಡೆ ಹಾಕಿ ಆಗಲೇ 18 ವರ್ಷ.

ಅದೇ 2003ರಲ್ಲಿ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದವೂ ಬಂತು. ಕದ್ದ ಸೊತ್ತನ್ನು ವಾಪಸು ಕೊಡುವುದು ಅದರ ಮೂಲ ತತ್ವಗಳಲ್ಲೊಂದು. ಭಾರತ ಅದಕ್ಕೆ ಸೇರಿದ್ದು 2011ರಲ್ಲಿ.

ಮನಿಲಾಕ್ಕೆ ಬಂದ ಹಣದಲ್ಲಿ 1,000 ಕೋಟಿ ಪೆಸೊವನ್ನು ಮಾರ್ಕೋಸ್ ಕಾಲದಲ್ಲಿ ನೊಂದವರಿಗೆ ಕೊಡಲು 2013ರಲ್ಲಿ ಕಾನೂನಾಯಿತು. ಸುಮಾರು 75 ಸಾವಿರ ಅರ್ಜಿ ಬಂದವು. ಒಪ್ಪಿದ್ದು 11,103. ಪ್ರತಿ ನೋವಿಗೂ ಅಂಕ ಹಾಕಿದರು. ಜೈಲಿಗೆ 3ರಿಂದ 5. ಕೊಲೆಯಾದವರಿಗೆ, ಇಂದಿಗೂ ಪತ್ತೆಯಿಲ್ಲದವರಿಗೆ 10. ಆ ಹತ್ತು ಅಂಕದ ಹಣವನ್ನು ಅವರ ಮನೆಯವರು ಪಡೆದುಕೊಂಡರು.